ಅಳಿಸಿದ ಉತ್ತರ ಮತ್ತು 641



ಶಾಲೆಯ ಸುವರ್ಣ ಮಹೋತ್ಸವಕ್ಕೆ ಒಂದು ನೆನಪು ಹೇಳಿ ಎಂದಿದ್ದಾರೆ. ನನ್ನ ನೆನಪು ಒಂದು ಸಂಖ್ಯೆಯದು: 4294967297. ಅಂದರೆ ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು.

ಒಂಬತ್ತನೇ ತರಗತಿಯಲ್ಲಿ ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಮಾಡಿದ ಲೆಕ್ಕಕ್ಕೂ ನನ್ನ ಉತ್ತರಕ್ಕೂ ತಾಳೆಯಾಗಲಿಲ್ಲ. ನನ್ನದನ್ನು ರಬ್ಬರಿನಿಂದ ಅಳಿಸಿ ಅವರದನ್ನೇ ಬರೆದುಕೊಂಡೆ. ಪುಸ್ತಕ ತಿದ್ದುವಾಗ ಆ ಗುರುತು ಅವರ ಕಣ್ಣಿಗೆ ಬಿತ್ತು. "ಸರಿಯಾಗಿತ್ತಲ್ಲೋ, ಯಾಕೆ ಅಳಿಸಿದೆ?" ಅಂದರು. "ನೀವು ಬರೆದದ್ದು ಬೇರೆ ಇತ್ತು ಸಾರ್" ಅಂದೆ. ಅವರು ಬೈಯಲಿಲ್ಲ. ಎಲ್ಲರ ಮುಂದೆ ತಮ್ಮ ತಪ್ಪನ್ನು ತಿದ್ದಿ, ಪಕ್ಕದಲ್ಲಿ ಈ ಸಂಖ್ಯೆ ಬರೆದು ಅದರ ಕಥೆ ಹೇಳಿದರು.

2ರಿಂದ ಶುರು ಮಾಡಿ, ಬಂದದ್ದನ್ನು ಅದರಿಂದಲೇ ಗುಣಿಸುತ್ತಾ ಹೋಗಿ: 2, 4, 16, 256, 65536. ಪ್ರತಿಯೊಂದಕ್ಕೂ 1 ಕೂಡಿಸಿ: 3, 5, 17, 257, 65537. ಈ ಐದೂ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಆರನೆಯದೇ 4294967297. ಹೀಗೆ ಬರುವ ಸಂಖ್ಯೆಗಳೆಲ್ಲ ಅವಿಭಾಜ್ಯವೇ ಎಂದು ಫ್ರಾನ್ಸಿನ ಫರ್ಮಾ 1640ರಲ್ಲಿ ಪತ್ರ ಬರೆದರು. ಅದಕ್ಕೆ ರುಜುವಾತು ಮಾತ್ರ ಅವರಲ್ಲಿರಲಿಲ್ಲ. ದೊಡ್ಡವರ ಮಾತು, ಸುಮಾರು ತೊಂಬತ್ತು ವರ್ಷ ಹಾಗೇ ಉಳಿಯಿತು. 1729ರಲ್ಲಿ ಗೋಲ್ಡ್‌ಬಾಖ್ ಎಂಬವರು ಗೆಳೆಯ ಆಯ್ಲರ್‌ಗೆ ಪತ್ರ ಬರೆದು ಇದು ನಿಜವೇ ಎಂದು ಕೇಳಿದರು. 1732ರಲ್ಲಿ ಆಯ್ಲರ್ ಆರನೆಯದನ್ನು ಒಡೆದು ತೋರಿಸಿದರು.

ಯಾವ ಸಂಖ್ಯೆಯಿಂದ ಒಡೆದರು ಎಂದು ಮೇಷ್ಟ್ರು ಹೇಳಲಿಲ್ಲ. ದಾರಿ ಮಾತ್ರ ತೋರಿಸಿದರು. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಈ ನಿಯಮವನ್ನೂ ಮುಂದೆ ಆಯ್ಲರ್ ಅವರೇ ಸಾಧಿಸಿದರು. ಆದ್ದರಿಂದ ಸಾವಿರಾರು ಸಂಖ್ಯೆ ಹುಡುಕಬೇಕಿಲ್ಲ. 193, 257, 449, 577, 641, ಹೀಗೆ ಕೆಲವನ್ನು ನೋಡಿದರೆ ಸಾಕು.

ಆ ಸಂಜೆ ಜಗಲಿಯ ಮೇಲೆ ಕೂತು ಭಾಗಿಸಿದೆ. ನಾಲ್ಕು ಸಲ ಶೇಷ ಉಳಿಯಿತು. ಐದನೆಯ ಸಲ, 641ರಲ್ಲಿ, ಸೊನ್ನೆ ಬಂತು. ಭಾಗಲಬ್ಧ 6700417. ನಂಬಿಕೆಯಾಗದೆ ಇನ್ನೊಮ್ಮೆ ಮಾಡಿದೆ. ಮತ್ತೆ ಸೊನ್ನೆ. ಮರುದಿನ ತೋರಿಸಿದಾಗ ಮೇಷ್ಟ್ರು ಹೇಳಿದ್ದು ಇಷ್ಟೇ: "ಇನ್ನು ಮೇಲೆ ಅಳಿಸೋ ಮೊದಲು ಒಂದು ಸಲ ತಾಳೆ ನೋಡು."

ಫರ್ಮಾ ಇದರಿಂದ ಸಣ್ಣವರಾಗಲಿಲ್ಲ. ಆ ಸಾಲಿನ ಸಂಖ್ಯೆಗಳಿಗೆ ಇಂದಿಗೂ ಅವರದೇ ಹೆಸರು. ಆದರೆ ಮೊದಲ ಐದನ್ನು ಬಿಟ್ಟು ಆರನೆಯ ಅವಿಭಾಜ್ಯ ಇನ್ನೂ ಯಾರಿಗೂ ಸಿಕ್ಕಿಲ್ಲ.

ಈಗ ನಾನೂ ಗಣಿತದ ಮೇಷ್ಟ್ರು. "ಸಾರ್, ಬೋರ್ಡಿನ ಮೇಲೆ ತಪ್ಪಾಗಿದೆ" ಎಂದು ಮಗು ಎದ್ದು ನಿಂತಾಗ ಒಂದು ಕ್ಷಣ ಕಸಿವಿಸಿಯಾಗುವುದು ನಿಜ. ಆಗ ಆ ಜಗಲಿ ನೆನಪಾಗುತ್ತದೆ, ಚಾಕ್‌ಪೀಸನ್ನು ಮಗುವಿನ ಕೈಗೆ ಕೊಡುತ್ತೇನೆ.

ಮಕ್ಕಳೇ, ನಾನು ಹೇಳಿದೆನೆಂದು ನಂಬಬೇಡಿ. ಮನೆಗೆ ಹೋಗಿ 6700417ನ್ನು 641ರಿಂದ ಗುಣಿಸಿ ನೋಡಿ.