ಗರಡಿ ಬಿಟ್ಟ ಮೈ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಗರದೇವತೆ ದುಗ್ಗಮ್ಮನ ಜಾತ್ರೆ. ಜಾತ್ರೆ ಎಂದಮೇಲೆ ಜಂಗೀ ಕುಸ್ತಿ ಇರಲೇಬೇಕು. ಅಖಾಡದ ಸುತ್ತ ಸೇರಿದ ಜನರ ನಡುವೆ ಕೆಲವರನ್ನು ನೋಡಿದ ಕೂಡಲೇ ಗುರುತು ಹತ್ತುತ್ತದೆ. ವಯಸ್ಸು ಐವತ್ತರ ಆಸುಪಾಸು, ಹೊಟ್ಟೆ ಮುಂದೆ ಬಂದಿದೆ, ಕಿವಿ ಮುದುಡಿ ಗಟ್ಟಿಯಾಗಿದೆ. ಒಳಗಿನ ಹುಡುಗ ಪಟ್ಟು ಹಾಕುವ ಮೊದಲೇ ಇವರ ಭುಜ ಅಲುಗುತ್ತದೆ. ಒಂದು ಕಾಲಕ್ಕೆ ಇವರೂ ಪೈಲ್ವಾನರೇ.

ಪೈಲ್ವಾನನ ಮೈ ಕೆಡುವುದು ಸೋಮಾರಿತನದಿಂದಲೇ ಎನ್ನುವುದು ಅನ್ಯಾಯದ ಮಾತು. ನೂರಾರು ದಂಡೆ, ಬಸ್ಕಿ ಹೊಡೆಯುತ್ತಿದ್ದ ಮೈಗೆ ಹಾಲು, ತುಪ್ಪ, ಬಾದಾಮಿಯ ಖುರಾಕ್ ಬೇಕಿತ್ತು. ಮದುವೆ, ಅಂಗಡಿ, ಮಕ್ಕಳ ಶಾಲೆ ಎಂದು ಗರಡಿ ತಪ್ಪುತ್ತದೆ. ಸಾಮು ನಿಂತರೂ ಹಸಿವು ಹಳೆಯದೇ. ಬೆಳಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಜೊತೆ ಮಿರ್ಚಿ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಂಥ ಕಾರ್ಖಾನೆಗಳ ಕಾಲದಲ್ಲಿ ಪಾಳಿಗೆ ಸೈಕಲ್ ತುಳಿಯುವುದೇ ಒಂದು ಕಸರತ್ತಾಗಿತ್ತು. ಈಗ ಹಾಲು ತರಲೂ ಬೈಕು ಬೇಕು.

ಇದು ಪೈಲ್ವಾನರೊಬ್ಬರ ಪಾಡಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 39.5ರಷ್ಟು ಜನರಿಗೆ ಹೊಟ್ಟೆಯ ಬೊಜ್ಜು ಕಂಡುಬಂತು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು ಎನ್ನುತ್ತಾರೆ ವೈದ್ಯರು.

ಹೀಗೆ ಕಳೆದುಹೋದ ಮೈ ಮತ್ತೆ ಸಿಗುತ್ತದೆಯೇ?

ಅಮೆರಿಕದ ಡಲ್ಲಾಸ್ ನಗರದಲ್ಲಿ 1966ರಲ್ಲಿ ಇಪ್ಪತ್ತು ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ, ಶರೀರದ ಕಸುವು ಎಷ್ಟು ಕುಗ್ಗುತ್ತದೆಂದು ಅಳೆದರು. ಮೂವತ್ತು ವರ್ಷದ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿದರು. ಸರಾಸರಿ 77 ಕಿಲೋ ಇದ್ದ ತೂಕ 100ಕ್ಕೆ ಏರಿತ್ತು; ಮೈಯ ಕೊಬ್ಬಿನ ಪ್ರಮಾಣ ಎರಡು ಪಟ್ಟಾಗಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಅವರ ದಮ್ಮಿಗೆ ಮಾಡಿದ ನಷ್ಟ, ಅಂದು ಮೂರು ವಾರ ಮಲಗಿದ್ದರಿಂದ ಆದ ನಷ್ಟಕ್ಕಿಂತ ಕಡಿಮೆಯೇ ಇತ್ತು! ಆಮೇಲೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್. ಮೊದಲು ಸ್ವಲ್ಪ, ಬರಬರುತ್ತಾ ವಾರಕ್ಕೆ ಸುಮಾರು ನಾಲ್ಕೂವರೆ ಗಂಟೆ. ಕೊನೆಗೆ ಅಳೆದಾಗ, ಆಮ್ಲಜನಕ ಬಳಸಿಕೊಳ್ಳುವ ಅವರ ಸಾಮರ್ಥ್ಯ ಇಪ್ಪತ್ತರ ವಯಸ್ಸಿನಲ್ಲಿ ಮಲಗುವ ಮುಂಚೆ ಇದ್ದ ಮಟ್ಟಕ್ಕೆ ಮರಳಿತ್ತು. ತೂಕ ಇಳಿದದ್ದು ಮಾತ್ರ ನಾಲ್ಕೈದು ಕಿಲೋ.

ಆ ಕೊನೆಯ ಸಾಲಿನಲ್ಲೇ ಎಷ್ಟೋ ಜನ ಸೋತು ಕೂರುತ್ತಾರೆ. ತಿಂಗಳು ಕಳೆದರೂ ತೂಕದ ಯಂತ್ರದ ಮುಳ್ಳು ಅಲುಗಲಿಲ್ಲ ಎಂದು ಬೂಟನ್ನು ಮೂಲೆಗೆ ಸೇರಿಸುತ್ತಾರೆ. ಅಷ್ಟರಲ್ಲಿ ಹೃದಯ ಗಟ್ಟಿಯಾಗುತ್ತಿರುತ್ತದೆ, ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಗಿರುತ್ತದೆ. ತೂಕ ಇಳಿಯಲು ತಟ್ಟೆಯೂ ಬದಲಾಗಬೇಕು. ದಮ್ಮು ಬರಲು ಕಾಲು ಆಡಿದರೆ ಸಾಕು. ಎರಡನ್ನೂ ಒಂದೇ ಅಳತೆಯಲ್ಲಿ ನೋಡಬಾರದು.

ಹಿಂದೆ ಪಳಗಿದ ಮೈಗೆ ಇನ್ನೊಂದು ಅನುಕೂಲವಿದೆ. ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಏಳು ವಾರ ಭಾರ ಎತ್ತಿ, ಏಳು ವಾರ ಬಿಟ್ಟು, ಮತ್ತೆ ಏಳು ವಾರ ಎತ್ತಿದವರ ಸ್ನಾಯು ಎರಡನೇ ಸಲ ಹೆಚ್ಚು ಬೆಳೆಯಿತು. ಮೊದಲ ತಾಲೀಮಿನ ಗುರುತು ವಂಶವಾಹಿಗಳ ಮೇಲೆ ಉಳಿದಿತ್ತು. ಅದಕ್ಕೂ ಮುಂಚೆ, 2010ರಲ್ಲಿ, ನಾರ್ವೆಯ ಓಸ್ಲೋದ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದ್ದರು: ಶ್ರಮದಿಂದ ಸ್ನಾಯುವಿನಲ್ಲಿ ಹೆಚ್ಚಿದ ಕೋಶಕೇಂದ್ರಗಳು, ಆ ಸ್ನಾಯು ಸೊರಗಿದ ಮೇಲೂ ಉಳಿದುಕೊಂಡಿದ್ದವು.

ಅಪಾಯ ಇರುವುದೂ ಇಲ್ಲಿಯೇ. ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ. ಅದನ್ನು ಮೂಳೆಗೆ ಬಿಗಿದ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆ, ಅವು ತಿಂಗಳುಗಟ್ಟಲೆ ಸಮಯ ಕೇಳುತ್ತವೆ. ಮನಸ್ಸಿನಲ್ಲಿರುವುದು ಇಪ್ಪತ್ತೈದರ ಪೈಲ್ವಾನ, ಮಂಡಿ ಹೊತ್ತಿರುವುದು ಐವತ್ತರ ಭಾರ. ಮೊದಲ ವಾರವೇ ಹಳೆಯ ಲೆಕ್ಕದಲ್ಲಿ ಬಸ್ಕಿ ಹೊಡೆದವನು ಎರಡನೇ ವಾರ ಮಂಡಿಗೆ ಎಣ್ಣೆ ತಿಕ್ಕುತ್ತಾ ಮನೆಯಲ್ಲಿರುತ್ತಾನೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಷ್ಟು ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು. ಮೊದಲನೆಯದಕ್ಕೆ ದಾವಣಗೆರೆಯಲ್ಲಿ ಕುಂದವಾಡ ಕೆರೆಯ ಏರಿ ಇದೆ, ಹೈಸ್ಕೂಲ್ ಮೈದಾನ ಇದೆ. ಹರಿಹರದಲ್ಲಿ ತುಂಗಭದ್ರೆಯ ಕಡೆಗೆ ಹೋಗುವ ದಾರಿಗಳಿವೆ. ಕಷ್ಟ ಎರಡನೆಯದು. ದಪ್ಪಗಾದ ಮೇಲೆ ಗರಡಿಯ ಬಾಗಿಲು ತುಳಿಯಲು ನಾಚಿಕೆ. “ಏನ್ ಪೈಲ್ವಾನ್ರೇ, ಈಗ ನೆನಪಾತಾ?” ಎಂಬ ಒಂದು ಮಾತಿಗೆ ಹಿಂದೆ ಸರಿದವರಿದ್ದಾರೆ.

ಗರಡಿಮನೆಗಳು ದಿನಕ್ಕೆ ಒಂದು ಗಂಟೆಯನ್ನು ನಲವತ್ತು ದಾಟಿದವರಿಗೆಂದೇ ಮೀಸಲಿಡಬಹುದು; ಹೆಂಗಸರಿಗೂ ಒಂದು ಹೊತ್ತು ತೆಗೆದಿಡಬಹುದು. ಯಾವ ಹುಡುಗನಿಗೆ ಎಷ್ಟು ಭಾರದ ಗದೆ ಕೊಡಬೇಕು, ಯಾವಾಗ ಸಾಕು ಎನ್ನಬೇಕು ಎಂದು ಉಸ್ತಾದರಿಗೆ ಗೊತ್ತು. ಆ ಕಣ್ಣು ಹಳೆಯ ಶಿಷ್ಯರ ಮೇಲೂ ಬೀಳಲಿ. ಮೊದಲ ತಿಂಗಳು ಗೋಡೆ ಹಿಡಿದು ಹತ್ತು ಬಸ್ಕಿ, ಮಂಡಿಯೂರಿ ಐದು ದಂಡೆ ಹೊಡೆಸಿದರೂ ಆದೀತು.