ಗುಡ್ಡದ ನೀರಿನ ಲೆಕ್ಕ: ಮಳೆ, ಬರ ಮತ್ತು ಚಂದ್ರಂಪಳ್ಳಿ



ಬಿಸಿಲ ನಾಡೆಂದು ಹೆಸರಾದ ಕಲಬುರಗಿ ಜಿಲ್ಲೆಯ ಈಶಾನ್ಯದಲ್ಲಿ ಚಿಂಚೋಳಿಯ ಗುಡ್ಡಗಳಿವೆ. ಅಲ್ಲಿನ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಆ ಕಾಡಿನ ನಡುವಿನ ಚಂದ್ರಂಪಳ್ಳಿ ಜಲಾಶಯವು ನಿಸರ್ಗನಿರ್ಮಿತ ಸರೋವರವಲ್ಲ. ಗುಡ್ಡಗಳ ನಡುವಿನ ಹೊಳೆಗೆ ಅಣೆ ಕಟ್ಟಿ ನಿಲ್ಲಿಸಿದ ನೀರು. ಅಲ್ಲಿ ತುಂಬಿ ಹೆಚ್ಚಾದದ್ದು ಮುಲ್ಲಾಮಾರಿ, ಕಾಗಿಣಾಗಳ ಮೂಲಕ ಭೀಮೆಯನ್ನು ಸೇರುತ್ತದೆ. ಮಳಖೇಡದ ಕೋಟೆಯ ಬಳಿ ಹರಿಯುವ ಕಾಗಿಣೆಗೂ ಆ ಗುಡ್ಡದ ಮಳೆಗೂ ಹೀಗೆ ನಂಟಿದೆ.

ಮಳೆ ಅರ್ಧವಾದರೆ ಜಲಾಶಯಕ್ಕೆ ಬರುವ ನೀರೂ ಅರ್ಧವಾಗುತ್ತದೆಂಬ ನಂಬಿಕೆಯುಂಟು. ವಾಸ್ತವ ಇನ್ನೂ ಕಠಿಣ. ಬೇಸಿಗೆಯಲ್ಲಿ ಬಿರಿದ ಮಣ್ಣು ಮೃಗಶಿರಾ, ಆರಿದ್ರಾ ಮಳೆಗಳನ್ನು ಮೊದಲು ತಾನೇ ಕುಡಿಯುತ್ತದೆ. ಮರಗಿಡಗಳು ತಮ್ಮ ಪಾಲನ್ನು ಪಡೆಯುತ್ತವೆ. ನೆಲ ತಣಿದ ಮೇಲೆಯೇ ಹಳ್ಳಗಳು ತುಂಬಿ ಹರಿಯುತ್ತವೆ. ಆದುದರಿಂದ ಬರದ ವರ್ಷದಲ್ಲಿ ಮಳೆಯ ಕೊರತೆಗಿಂತ ಒಳಹರಿವಿನ ಕೊರತೆ ದೊಡ್ಡದು. 2020ರ ಅಕ್ಟೋಬರಿನಲ್ಲಿ ನೆಲ ನೆನೆದಿದ್ದಾಗ ಸುರಿದ ಭಾರಿ ಮಳೆಗೆ ಕಾಗಿಣಾ ಉಕ್ಕಿ ಹರಿಯಿತು. ಮೂರೇ ವರ್ಷಗಳಲ್ಲಿ, 2023ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.

ಮಳೆ ನಿಂತ ಮೇಲೆ ಖರ್ಚಿನ ಕಾಲ. ಕಾಲುವೆಗೆ ಬಿಟ್ಟದ್ದು ಕಣ್ಣಿಗೆ ಕಾಣುತ್ತದೆ. ಬಿಸಿಲು ಒಯ್ಯುವುದು ಕಾಣುವುದಿಲ್ಲ. 100 ಹೆಕ್ಟೇರ್ ವಿಸ್ತಾರದ ನೀರಿನಲ್ಲಿ ಕೇವಲ 1 ಸೆಂಟಿಮೀಟರ್ ಆವಿಯಾದರೂ ನಷ್ಟ 1 ಕೋಟಿ ಲೀಟರ್. ಇನ್ನೊಂದು ಮಾತು: ಜಲಾಶಯದ ತಳ ಬೋಗುಣಿಯಂತೆ ಕಿರಿದು. ಆಳ ಅರ್ಧಕ್ಕಿಳಿದಾಗ ಉಳಿದಿರುವ ನೀರು ಅರ್ಧಕ್ಕಿಂತ ಬಹಳ ಕಡಿಮೆ. ತಳದಲ್ಲಿ ಹೂಳು ತುಂಬಿದ್ದರೆ ಅದೂ ಇಲ್ಲ. ಗುಡ್ಡದ ಮರ ಕಡಿದಲ್ಲಿ ಮಣ್ಣು ಕೊಚ್ಚಿಬಂದು ಹೂಳಾಗುತ್ತದೆ. ಇಂಗದ ನೀರು ಒಂದೇ ದಿನ ಹರಿದುಹೋಗುತ್ತದೆ.

ಈ ಲೆಕ್ಕವನ್ನು ಊರೇ ಇಡಬಹುದು. ಶಾಲೆಯ ಅಂಗಳದಲ್ಲೊಂದು ಮಳೆಮಾಪಕ, ಊರ ಕೆರೆಯಲ್ಲೊಂದು ಅಳತೆಗಲ್ಲು, ದಿನವೂ ಬರೆಯುವ ಒಂದು ವಹಿ ಸಾಕು. ಹಸ್ತ, ಚಿತ್ತಾ ಮಳೆಗಳು ಮುಗಿದೊಡನೆ ಗ್ರಾಮಸಭೆ ಆ ವಹಿಯನ್ನು ತೆರೆಯಲಿ. ಕುಡಿಯುವ ನೀರನ್ನೂ ದನಕರುಗಳ ಪಾಲನ್ನೂ ಮೊದಲು ತೆಗೆದಿಟ್ಟು, ಉಳಿದುದಕ್ಕೆ ತಕ್ಕಂತೆ ಹಿಂಗಾರಿಯ ಬೆಳೆಯನ್ನು ನಿಶ್ಚಯಿಸಲಿ. ನೀರು ಸಾಲದ ವರ್ಷ ಕಬ್ಬನ್ನು ಬಿಟ್ಟು ಜೋಳ, ಕಡಲೆಗಳನ್ನು ಆರಿಸುವುದು ಹಿಂಜರಿಕೆಯಲ್ಲ, ವಿವೇಕ. ಕಾಡಿನ ಪ್ರಾಣಿಗಳಿಗೂ ಬೇಸಿಗೆಯಲ್ಲಿ ಅದೇ ನೀರೇ ಗತಿ.

ಏಪ್ರಿಲ್‌ನಲ್ಲಿ ತಾಂಡಾದ ತಾಯಂದಿರು ಕೊಡ ಹಿಡಿದು ಎಷ್ಟು ದೂರ ನಡೆಯಬೇಕೆಂಬುದು ಅಕ್ಟೋಬರಿನಲ್ಲಿ ಊರು ಕೈಗೊಂಡ ನಿರ್ಧಾರವನ್ನೂ ಅವಲಂಬಿಸಿದೆ. ಮಳೆ ಯಾರ ಕೈಯಲ್ಲೂ ಇಲ್ಲ. ಬಂದ ನೀರಿನ ಲೆಕ್ಕ ಊರಿನ ಕೈಯಲ್ಲಿದೆ.