ಬ್ರಾಹುಯಿ: ದೂರದ ನಂಟರ ನುಡಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಭಾಷಾ ಪಂಡಿತನಲ್ಲ. ಆದರೂ ಇಂದು ಕಂಪ್ಯೂಟರ್ ವಿಷಯ ಬಿಟ್ಟು ಒಂದು ಭಾಷೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಕಲಾತ್ ಎಂಬ ಊರಿದೆ. ಅದರ ಸುತ್ತಿನ ಗುಡ್ಡಗಾಡಿನ ಜನರ ನುಡಿ ಬ್ರಾಹುಯಿ. ನೆರೆಯಲ್ಲಿ ಬಲೂಚಿ, ಪಷ್ತೋ, ಸಿಂಧಿ. ನಡುವೆ ಇದೊಂದು ಮಾತ್ರ ನಮ್ಮ ಕನ್ನಡದಂತೆ ದ್ರಾವಿಡ ಕುಲದ್ದು. ನಮ್ಮ ಕಲ್ಲು ಅಲ್ಲಿ ‘ಖಲ್’, ಕಣ್ಣು ‘ಖನ್’, ಬಾಯಿ ‘ಬಾ’, ನೀನು ‘ನೀ’. ಎಣಿಸುವಾಗ ಅಸಿಟ್, ಇರಟ್, ಮುಸಿಟ್ ಎನ್ನುತ್ತಾರೆ. ನಾಲ್ಕರಿಂದ ಮುಂದೆ ತಮ್ಮ ಪದಗಳಿಲ್ಲ, ಎಲ್ಲ ಹೊರಗಿನಿಂದ ಬಂದವು. ಭಾಷೆ ಒಮ್ಮೆಲೇ ಹೋಗುವುದಿಲ್ಲ, ಹೀಗೆ ಪದಪದವಾಗಿ ಸವೆಯುತ್ತದೆ.

ಆದರೆ ಹಾಡು ಉಳಿದಿದೆ. ‘ಲೈಲಿ ಮೋರ್’ ಅಲ್ಲಿನ ಹೆಸರಾದ ಜನಪದ ಹಾಡು. ಸತ್ತವರನ್ನು ನೆನೆದು ಹೆಂಗಸರು ಹಾಡಿಕೊಂಡು ಅಳುವುದಕ್ಕೆ ‘ಮೋದ’ ಎನ್ನುತ್ತಾರೆ. ಇವೆಲ್ಲ ಬಾಯಿಂದ ಬಾಯಿಗೆ ಬಂದವು. ಬರಹ ತಡವಾಗಿ ಬಂತು. ನಮಗೆ ತಿಳಿದಿರುವ ಮೊದಲ ಬ್ರಾಹುಯಿ ಕೃತಿ ಮಲಿಕ್ ದಾದ್ ಕಲಾತಿ ಬರೆದ ‘ತುಹ್ಫತುಲ್ ಅಜಾಯಿಬ್’, ಸುಮಾರು 1760ರದು. ಧರ್ಮದ ವಿಚಾರಗಳನ್ನು ಪದ್ಯದಲ್ಲಿ ತಿಳಿಸುವ ಪುಸ್ತಕ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಢಾಢರ್ ಬಳಿಯ ದುರ್ಖಾನಿ ಮದರಸಾದ ವಿದ್ವಾಂಸರು ಜನರ ನುಡಿಯಲ್ಲೇ ಪುಸ್ತಕಗಳನ್ನು ಬರೆದು ಹಂಚಿದರು. ಡೆನಿಸ್ ಬ್ರೇ ಎಂಬ ಬ್ರಿಟಿಷ್ ಅಧಿಕಾರಿ 1909ರಲ್ಲಿ ವ್ಯಾಕರಣವನ್ನು, 1934ರಲ್ಲಿ ಪದಕೋಶವನ್ನು ಪ್ರಕಟಿಸಿದ. ಇಷ್ಟಾದರೂ ಯುನೆಸ್ಕೊ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಬ್ರಾಹುಯಿಯನ್ನು ಸೇರಿಸಿದೆ.

ಕನ್ನಡಕ್ಕೆ ಆ ಸ್ಥಿತಿ ಇಲ್ಲ, ನಿಜ. ಸಾವಿರಕ್ಕೂ ಹೆಚ್ಚು ವರ್ಷಗಳ ಶಾಸನ, ಕಾವ್ಯ ನಮಗಿವೆ. ಆದರೆ ನಮ್ಮೂರಿನ ಅಜ್ಜಿಯರು ಹಾಡುವ ಸೋಬಾನೆ, ಬೀಸುವ ಪದ, ಜೋಗುಳ ಯಾವ ಪುಸ್ತಕದಲ್ಲಿವೆ? ಅವರೊಂದಿಗೆ ಅವೂ ಹೋಗುತ್ತವೆ. ನನ್ನ ವೃತ್ತಿಯಿಂದ ಕಲಿತದ್ದು ಒಂದೇ: ಬರೆದಿಡದ್ದು, ದಾಖಲಾಗದ್ದು ಯಾವ ಯಂತ್ರಕ್ಕೂ ಸಿಗುವುದಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಈ ಬೇಸಿಗೆ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ಒಂದೊಂದು ಹಾಡು ಬರೆದುಕೊಳ್ಳಿ. ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಿ. ಹಾಡಿದವರ ಹೆಸರು, ಊರು, ತಾರೀಖು ಮರೆಯಬೇಡಿ. ಆ ನೋಟುಪುಸ್ತಕ ಶಾಲೆಯ ಗ್ರಂಥಾಲಯದಲ್ಲಿರಲಿ. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮಂಥ ಹಳೆಯ ವಿದ್ಯಾರ್ಥಿಗಳದ್ದು.